ದೂತಿಯ ಸೊನ್ನೆ

ಪ್ರತಿ ತಿಂಗಳು ಮುಟ್ಟಿನ ಎರಡನೆಯ ದಿನ ನಾನು ಹನ್ನೆರಡು ಹೆಂಗಸರಾಗುತ್ತಿದ್ದೆ.

ಗದಗಿನ ಹೊರಗೆ, ಗಾಳಿಯಂತ್ರಗಳ ಸಾಲು ಶುರುವಾಗುವ ಜಾಗದಲ್ಲಿ ನಮ್ಮ ಪ್ರಯೋಗಾಲಯ. ಬೆಳಿಗ್ಗೆ ಎಂಟಕ್ಕೆ, ಬೇರೆ ಯಾರೂ ಬರುವ ಮೊದಲೇ ಬೀಗ ತೆಗೆದು ಒಳಗೆ ಹೋಗುತ್ತಿದ್ದೆ. ನನ್ನ ಮಾದರಿಯನ್ನು ಬೆರಳುದ್ದದ ಹನ್ನೆರಡು ಸೀಸೆಗಳಿಗೆ ಹಂಚಿ, ಒಂದೊಂದಕ್ಕೂ ಬೇರೆ ಸಂಖ್ಯೆಯ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುತ್ತಿದ್ದೆ. ಕಾಗದಪತ್ರಕ್ಕೆ ಸಂಖ್ಯೆ ಸಾಕಾಗಿತ್ತು. ಆದರೂ ನಾನು ಮನಸ್ಸಿನಲ್ಲೇ ಹೆಸರಿಟ್ಟಿದ್ದೆ. ಒಂದನೆಯವಳು ಕಮಲಾಕ್ಷಿ, ಶಾಲೆಯಲ್ಲಿ ಟೀಚರು. ನಾಲ್ಕನೆಯವಳು ಇಂದಿರವ್ವ, ಮೂರು ಮಕ್ಕಳ ತಾಯಿ, ಬಾಯಿ ಜೋರು. ಒಂಬತ್ತನೆಯವಳಿಗೆ ಮದುವೆ ಗೊತ್ತಾಗಿತ್ತು. ಐದು ವರ್ಷದಿಂದ ಗೊತ್ತಾಗಿಯೇ ಇತ್ತು. ಒಬ್ಬಳೇ ಇರುವವಳಿಗೆ ಹೊತ್ತು ಹೋಗಬೇಕಲ್ಲ.

ಆ ಹನ್ನೆರಡು ಸೀಸೆಗಳ ಮೇಲೆ ಏಳು ಜಿಲ್ಲೆಗಳ ಮೂವತ್ತೆಂಟು ಯಂತ್ರಗಳು ನಿಂತಿದ್ದವು. ಯಂತ್ರದ ಹೆಸರು ದೂತಿ, ಗಾತ್ರದಲ್ಲಿ ಹೊಲಿಗೆ ಮೆಷಿನ್ನಿನಷ್ಟು. ಅದು ಏನು ಮಾಡುತ್ತಿತ್ತು ಎಂಬುದನ್ನು ಕೌಂಟರಿಗೆ ಬಂದ ಹೆಂಗಸರಿಗೆ ಸಾವಿರ ಸಲ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ನಮ್ಮ ಮೈಯ ಜೀವಕೋಶಗಳು ಬಾಯಿ ಮುಚ್ಚಿಕೊಂಡು ಕೂರುವ ಜಾತಿಯವಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳನ್ನು ಸದಾ ಹೊರಗೆ ಬಿಡುತ್ತಿರುತ್ತವೆ. ಅವುಗಳಿಗೆ ಎಕ್ಸೋಸೋಮ್ ಎಂದು ಹೆಸರು. ಒಂದು ಕೂದಲಿನ ಅಗಲದಲ್ಲಿ ಸಾವಿರ ಚೀಲ ಸಾಲಾಗಿ ನಿಲ್ಲಬಹುದು. ಚೀಲದೊಳಗೆ ಪ್ರೋಟೀನಿನ ಚೂರು, ಆರ್‌ಎನ್‌ಎ ತುಣುಕು, ಅಂದರೆ ಆ ಕೋಶದ ಸುದ್ದಿ. ಅಂಡಾಶಯ ಗರ್ಭಕೋಶಕ್ಕೆ ಸುದ್ದಿ ಕಳಿಸುತ್ತದೆ. ಗರ್ಭಕೋಶದ ಒಳಪದರ ಬಂದಿಳಿಯಲಿರುವ ಭ್ರೂಣಕ್ಕೆ ಕಳಿಸುತ್ತದೆ, ಭ್ರೂಣ ತಿರುಗಿ ಉತ್ತರ ಕೊಡುತ್ತದೆ. ಕಾಯಿಲೆ ಬಿದ್ದ ಕೋಶ ತನ್ನ ಸಂಕಟವನ್ನೂ ಹಾಗೆಯೇ ಕಟ್ಟಿ ಕಳಿಸುತ್ತದೆ. ದೂತಿ ಮುಟ್ಟಿನ ರಕ್ತದ ನಾಲ್ಕು ಹನಿಯಿಂದ ಈ ಚೀಲಗಳನ್ನು ಸೋಸಿ, ಒಳಗಿನ ಸುದ್ದಿ ಓದಿ, ಅದು ಆರೋಗ್ಯವಂತ ಹೆಂಗಸಿನ ಸುದ್ದಿಗಿಂತ ಎಷ್ಟು ಬೇರೆಯಾಗಿದೆ ಎಂದು ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿ ಕೊಡುತ್ತಿತ್ತು. ಮೊದಲೆಲ್ಲ ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ ಇಳಿಸಿ ಹುಡುಕಬೇಕಿದ್ದ ರೋಗವನ್ನು ತಾಲ್ಲೂಕು ಆಸ್ಪತ್ರೆಯ ನರ್ಸು ಇಪ್ಪತ್ತು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು.

ಆದರೆ ಆರೋಗ್ಯವಂತ ಹೆಂಗಸೆಂದರೆ ಹೇಗಿರುತ್ತಾಳೆ ಎಂದು ಯಂತ್ರಕ್ಕೆ ಯಾರಾದರೂ ತೋರಿಸಿಕೊಡಬೇಕು. ಅದಕ್ಕೇ ಆ ಹನ್ನೆರಡು ಸೀಸೆ. ನಾವು ಅದನ್ನು ಉಲ್ಲೇಖ ಮಾದರಿ ಎನ್ನುತ್ತಿದ್ದೆವು. ಫ್ರಿಜ್ಜಿನಲ್ಲಿಟ್ಟರೂ ಚೀಲಗಳು ಬೇಗ ಒಡೆದುಹೋಗುವುದರಿಂದ ತಿಂಗಳು ತಿಂಗಳೂ ಹೊಸದು ಬೇಕಿತ್ತು. ಹನ್ನೆರಡರ ಸರಾಸರಿ ತೆಗೆದು, ನಿಯಂತ್ರಣ ಕೊಠಡಿಯಿಂದ ಮೂವತ್ತೆಂಟು ಊರಿಗೂ ಕಳಿಸುತ್ತಿದ್ದವಳು ನಾನೇ. ಗೋಡೆಯ ನಕಾಶೆಯಲ್ಲಿ ಒಂದೊಂದು ಊರಿಗೆ ಒಂದೊಂದು ದೀಪ. ಸರಾಸರಿ ತಲುಪಿದ ಊರಿನ ದೀಪ ಹಸಿರಾಗುತ್ತಿತ್ತು.

ಮೊದಲ ವರ್ಷ ನಿಜವಾಗಿಯೂ ಹನ್ನೆರಡು ಜನ ಇದ್ದರು. ಬೆಟಗೇರಿಯ ನೇಕಾರರ ಓಣಿಯ ಹೆಂಗಸರು, ಇಬ್ಬರು ಟೀಚರು, ಒಬ್ಬ ಅಂಗನವಾಡಿಯಾಕೆ. ಹನ್ನೆರಡನೆಯವಳು ನಾನು. ಆದರೆ ನಮ್ಮ ಕಡೆ ಮುಟ್ಟಿನ ಬಟ್ಟೆಯನ್ನು ಹೆತ್ತ ತಾಯಿಯ ಕೈಗೂ ಕೊಡುವುದಿಲ್ಲ. ಹಾವಿನ ಕಣ್ಣಿಗೆ ಬಿದ್ದರೆ ಮಕ್ಕಳಾಗುವುದಿಲ್ಲ, ಆಗದವರಿಗೆ ಸಿಕ್ಕರೆ ಮಾಟ ಮಾಡಿಸುತ್ತಾರೆ ಎಂಬ ಹೆದರಿಕೆ ಬಿ.ಎಸ್ಸಿ ಮಾಡಿದವರನ್ನೂ ಬಿಟ್ಟಿಲ್ಲ. ಎಂಟನೆಯ ತಿಂಗಳಲ್ಲಿ, ಮಾದರಿ ಕೊಡುತ್ತಿದ್ದ ಒಬ್ಬಳಿಗೆ ನಿಂತ ಗರ್ಭ ಇಳಿದುಹೋಯಿತು. "ಅಲ್ಲಿ ಫ್ರಿಜ್ಜಿನ್ಯಾಗ ಇಟ್ಟು ಹೆಪ್ಪುಗಟ್ಟಸ್ತಾರಂತ, ಅದಕ್ಕ ಒಳಗಿಂದೂ ಹೆಪ್ಪುಗಟ್ಟೇತಿ" ಎಂದು ಅವಳ ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದಳು. ಮುಂದಿನ ತಿಂಗಳು ಮೂವರು ಬರಲಿಲ್ಲ. ಹನ್ನೆರಡಕ್ಕೆ ಒಂದು ಕಡಿಮೆಯಾದರೂ ಮೂವತ್ತೆಂಟು ಯಂತ್ರಗಳೂ ಆ ತಿಂಗಳು ನಿಲ್ಲಬೇಕು, ನಿಯಮ ಹಾಗಿತ್ತು. ಇದೊಂದು ತಿಂಗಳು ಎಂದುಕೊಂಡು ಆ ಮೂರು ಸೀಸೆಗಳಿಗೆ ನನ್ನದನ್ನೇ ತುಂಬಿದೆ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಹನ್ನೆರಡೂ ನಾನೇ ಆಗಿದ್ದೆ.

ಪ್ರಯೋಗಾಲಯದ ಮುಖ್ಯಸ್ಥೆ ಡಾ. ಪದ್ಮಜಾ ಮುಳಗುಂದ ಅವರಿಗೆ ಇದು ತಿಳಿಯಲಿಲ್ಲ. ಅವರು ಪ್ರತಿ ವರ್ಷದ ವರದಿಗೆ ಸಹಿ ಹಾಕುವಾಗ ನನ್ನ ಬೆನ್ನು ತಟ್ಟುತ್ತಿದ್ದರು. "ಹನ್ನೆರಡು ಮಂದೀದು ಅಂಕಿ ಇಷ್ಟು ಒಂದಕ್ಕೊಂದು ಹೊಂದ್ತಾವಲ್ಲ, ಕೈ ಅಂದ್ರ ನಿಂದು ನೋಡು ಕಸ್ತೂರಿ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ಆ ಹೊಗಳಿಕೆ ನನಗೆ ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಒಮ್ಮೆ ನನ್ನ ಮುಟ್ಟು ಒಂಬತ್ತು ದಿನ ತಡವಾಗಿ ಏಳು ಜಿಲ್ಲೆಗಳ ಯಂತ್ರಗಳು ನನ್ನನ್ನು ಕಾದುಕೊಂಡು ಕೂತಿದ್ದವು. ನನ್ನನ್ನು ಹಾಗೆ ಕಾದವರು ಬೇರೆ ಯಾರೂ ಇರಲಿಲ್ಲ.

ಬೆಟಗೇರಿಯಲ್ಲಿ ನನ್ನದು ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಯಾಚೆ ಮಗ್ಗ. ಸೀಸೆ ತುಂಬಿದ ದಿನ ಸಂಜೆ ಮನೆಗೆ ಬಂದವಳು ಬಿಸಿನೀರಿನ ರಬ್ಬರು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಮೊಣಕಾಲು ಎದೆಗೆ ತಂದುಕೊಂಡು ಮಲಗುತ್ತಿದ್ದೆ. ನೋವು ಹೊಟ್ಟೆಯಲ್ಲಿ ಶುರುವಾಗಿ ಬಲತೊಡೆಗೆ ಇಳಿಯುತ್ತಿತ್ತು. ಮಗ್ಗದ ಲಟಕ್ ಲಟಕ್ ಸದ್ದು ಐನೂರು ಎಣಿಸುವಷ್ಟರಲ್ಲಿ ಒಂದು ಅಲೆ ಹೋಗಿ ಇನ್ನೊಂದು ಬರುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಅತ್ತಾಗ ಅವ್ವ ಹೇಳಿದ್ದಳು: "ಎಲ್ಲಾರಿಗೂ ಇರೂದ ಅದು. ಊರ ಮಂದಿಗೆ ಕೇಳೂ ಹಂಗ ಒದರಬ್ಯಾಡ." ಅಂದಿನಿಂದ ನಾನು ಒದರಲಿಲ್ಲ. ಜಗತ್ತಿನ ಹೆಂಗಸರೆಲ್ಲ ತಿಂಗಳಿಗೆ ಮೂರು ದಿನ ಹೀಗೇ ಮುದುಡಿಕೊಂಡು ಮಲಗಿ, ನಾಲ್ಕನೆಯ ದಿನ ಎದ್ದು ತಲೆಗೆ ನೀರು ಹಾಕಿಕೊಂಡು ಏನೂ ಆಗದವರಂತೆ ಓಡಾಡುತ್ತಾರೆ ಎಂದೇ ನಂಬಿದ್ದೆ.

ನನಗೂ ಮದುವೆಯಾಗಿತ್ತು, ಕೊಪ್ಪಳದ ಕಡೆಗೆ. ಏಳು ವರ್ಷ ಮಕ್ಕಳಾಗಲಿಲ್ಲ. ಆಗ ದೂತಿ ಇರಲಿಲ್ಲ. ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿದ ಡಾಕ್ಟರು ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟರು. ಆ ಕಾಗದ ಹಿಡಿದು ಮನೆಗೆ ಹೋದಾಗ ಕುಣಿಯುವಷ್ಟು ಸಂತೋಷವಾಗಿತ್ತು. ನಮ್ಮ ಮನೆಯವರು ಓದಿ, ಹಾಗಾದರೆ ನಿನಗೆ ಮಕ್ಕಳು ಬೇಕಾಗಿಲ್ಲ, ಮನಸ್ಸೇ ಇಲ್ಲ ನಿನಗೆ ಎಂದರು. ಕಾಯಿಲೆ ಇದ್ದಿದ್ದರೆ ಕನಿಕರವಾದರೂ ಸಿಗುತ್ತಿತ್ತೇನೋ. ಎರಡು ವರ್ಷದ ಮೇಲೆ ಅವರು ಬೇರೆ ಮದುವೆಯಾದರು, ನಾನು ಒಂದು ಟ್ರಂಕು ಹಿಡಿದು ಗದಗಿಗೆ ಬಂದೆ. ಆ ಕಾಗದ ಇನ್ನೂ ಟ್ರಂಕಿನ ತಳದಲ್ಲಿದೆ. ಪ್ರಯೋಗಾಲಯ ಸೇರಿದಾಗ ಉಲ್ಲೇಖ ಮಾದರಿಗೆ ನನ್ನನ್ನು ಆರಿಸಿದ್ದು ಅದರ ಬಲದ ಮೇಲೆಯೇ. ನಾನು ಸರಿಯಿದ್ದೇನೆ ಎಂದು ಒಂದು ಜಾಗದಲ್ಲಾದರೂ ಒಪ್ಪಿಕೊಂಡಿದ್ದರು.

ಹೀಗಿರುವಾಗ ಫಾಲ್ಗುಣದ ಒಂದು ಮಧ್ಯಾಹ್ನ ದಿಲ್ಶಾದ್ ನದಾಫ ಮೂರನೆಯ ಸಲ ನಮ್ಮ ಕೌಂಟರಿಗೆ ಬಂದಳು.

ದಿಲ್ಶಾದ್ ಬಸ್ ಕಂಡಕ್ಟರು. ವಯಸ್ಸು ಮೂವತ್ತೊಂದು. ಖಾಕಿ ಅಂಗಿಯ ಮೇಲೆ ಟಿಕೆಟ್ ಮೆಷಿನ್ನಿನ ಪಟ್ಟಿ ಉಜ್ಜಿ ಉಜ್ಜಿ ಭುಜದ ಮೇಲೊಂದು ಬಿಳಿಯ ಗೆರೆ ಬಿದ್ದಿತ್ತು. ಹಿಂದಿನ ವರ್ಷ ಎರಡು ಸಲ ಬಂದಿದ್ದಳು, ಎರಡೂ ಸಲ ಸೊನ್ನೆ. ಎರಡೂ ಸಲ ನಾನೇ ಚೀಟಿ ಕೊಟ್ಟು, "ಏನೂ ಇಲ್ಲವಾ, ಎಲ್ಲಾ ಸರಿ ಐತಿ. ಎಲ್ಲಾರಿಗೂ ಇರೂದ ಅದು" ಎಂದು ಅವ್ವನ ಮಾತನ್ನೇ ದಾಟಿಸಿದ್ದೆ. ಈ ಸಲ ಅವಳ ಕೈಯಲ್ಲಿ ಡಿಪೋದ ನೋಟೀಸು ಇತ್ತು. ಬಸ್ಸಿನಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು, ಹನ್ನೊಂದು ದಿನ ಹೇಳದೆ ಕೇಳದೆ ಮನೆಯಲ್ಲಿ ಉಳಿದಿದ್ದಳು. ಬರುವ ಗುರುವಾರ ವಿಚಾರಣೆ. ದೂತಿಯ ವರದಿಯಲ್ಲಿ ಕಾಯಿಲೆ ಕಂಡರೆ ಕೂತು ಮಾಡುವ ಕೆಲಸ ಕೊಡುತ್ತಾರೆ. ಈಗಲೂ ಸೊನ್ನೆ ಬಂದರೆ ಸುಳ್ಳು ಹೇಳಿದ್ದಕ್ಕಾಗಿ ಕೆಲಸದಿಂದ ತೆಗೆಯುತ್ತಾರೆ.

ಇಪ್ಪತ್ತು ನಿಮಿಷ ಅವಳು ಬೆಂಚಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದಳು. ಯಂತ್ರ ಚೀಟಿ ಉಗುಳಿತು. ಸೊನ್ನೆ.

ನಾನು ಚೀಟಿಯನ್ನು ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ, ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ಮೇಡಮ್ಮೋರ, ನಾ ಹೇಳೂದು ಒಂದ್ ಸ್ವಲ್ಪ ಕೇಳ್ತೀರೇನ್ರಿ" ಎಂದಳು. "ಮಷಿನ್ನಿಗೆ ಬ್ಯಾಡ. ನಿಮಗ ಹೇಳ್ತೀನಿ."

"ಹೇಳವಾ."

"ನಡೂ ಹೊಟ್ಟ್ಯಾಗ ಚಾಲೂ ಆಗತೈತ್ರಿ. ಒಳಗ ಯಾರೋ ಹೊಲಿಗಿ ಹಾಕಿ ದಾರಾ ಜಗ್ಗಿದಂಗ. ಆಮ್ಯಾಲೆ ಅಲ್ಲಿಂದ…"

"ಬಲಗಡೆ ತೊಡಿಗೆ ಇಳೀತೈತಿ" ಎಂದೆ. "ಕುಂತು ಏಳೂ ಮುಂದ ದಾರಾ ಹರದಂಗ ಆಗತೈತಿ. ಸಂಡಾಸಕ್ಕ ಹೋಗಾಕ ಹೆದರಿಕಿ ಬರ್ತೈತಿ. ಬಸ್ಸು ತಗ್ಗಿನ್ಯಾಗ ಇಳಿದ್ರ ಹಲ್ಲು ಕಚ್ಚಿ ಹಿಡೀಬೇಕಾಗತೈತಿ."

ದಿಲ್ಶಾದ್ ನನ್ನನ್ನೇ ನೋಡಿದಳು. "ನಿಮಗ ಹ್ಯಾಂಗ ಗೊತ್ರಿ?"

"ಎಲ್ಲಾರಿಗೂ ಹಂಗ ಅಲ್ಲೇನು?"

"ಇಲ್ರೀ" ಎಂದಳು, ಮಗುವಿಗೆ ಹೇಳುವ ಹಾಗೆ. "ನಮ್ಮ ನಾದಿನಿ ಎರಡನೇ ದಿನ ರೊಟ್ಟಿ ಬಡದು, ಬಟ್ಟಿ ಒಗದು, ಸಂತಿಗೆ ಹೋಗಿ ನಕ್ಕೋತ ಬರ್ತಾಳ. ಕೇಳಿದ್ರ ಏನೂ ಆಗೂದಿಲ್ಲ ಅಂತಾಳ. ಎಲ್ಲಾರಿಗೂ ಹಿಂಗ ಆಗಿದ್ರ ಊರಾಗ ಒಲಿ ಹೊತ್ತತಿದ್ದಿಲ್ರಿ."

ನನಗಾಗ ನಲವತ್ತಮೂರು ವರ್ಷ. ಈ ಮಾತನ್ನು ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಲು ನನಗೆ ಇದ್ದವರಾದರೂ ಯಾರು? ಚೀಟಿಯನ್ನು ಹಿಂದಕ್ಕೆ ಎಳೆದುಕೊಂಡೆ. ಯಂತ್ರದಲ್ಲಿ ಏನೋ ದೋಷವಿದೆ, ಸೋಮವಾರ ಬಾ ಎಂದು ಅವಳನ್ನು ಕಳಿಸಿದೆ.

ಅವಳು ಹೋದ ಮೇಲೆ ಕಸ ಗುಡಿಸುವ ರತ್ನವ್ವ ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದಳು. ಆರು ವರ್ಷದಿಂದ ದಿನಾ ನೋಡುವ ಹೆಂಗಸು. ಅವಳ ಪಕ್ಕ ನಾನು ಅದೇ ಮೊದಲ ಸಲ ಕೂತೆ.

"ರತ್ನವ್ವ, ಮುಟ್ಟಾದಾಗ ನಿನಗ ಎಷ್ಟು ನೋಯ್ತೈತಿ?"

ರತ್ನವ್ವ ನನ್ನನ್ನು ಅನುಮಾನದಿಂದ ನೋಡಿದಳು. ಸೀಸೆಗೆ ಹೊಸ ಗಿರಾಕಿ ಹುಡುಕುತ್ತಿದ್ದೇನೆ ಎಂದುಕೊಂಡಿರಬೇಕು. "ಮೊದಲನೇ ದಿನ ಎರಡ ತಾಸು ಹೊಟ್ಟಿ ಹಿಡದಂಗ ಆಗತೈತ್ರಿ ಬಾಯಾರ. ಒಂದು ಕಪ್ಪು ಚಾ ಕುಡದ್ರ ಮರೀತೈತಿ."

"ಅಷ್ಟ?"

"ಮತ್ತೇನು ಮಾಡಬೇಕ್ರಿ?" ಎಂದು ರತ್ನವ್ವ ನಕ್ಕಳು.

ನಾನು ನಿಯಂತ್ರಣ ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡೆ. ದೂತಿ ರೋಗಿಗೆ ತೋರಿಸುವ ಅಂಕಿ ಒಂದು, ತನ್ನೊಳಗೆ ಬರೆದಿಟ್ಟುಕೊಳ್ಳುವ ಅಂಕಿ ಇನ್ನೊಂದು. ಸೊನ್ನೆಗಿಂತ ಕೆಳಗೆ ಎಷ್ಟೇ ಬಂದರೂ ಪರದೆಯ ಮೇಲೆ ಸೊನ್ನೆ ಎಂದೇ ತೋರಿಸುವಂತೆ ಯಂತ್ರ ಕಟ್ಟಿದ ಎಂಜಿನಿಯರು ಮಾಡಿದ್ದ. ಮೈನಸ್ ಎಂಬುದು ಕಂಡರೆ ಹಳ್ಳಿಯ ಹೆಂಗಸರು ಹೆದರುತ್ತಾರೆ ಎಂಬುದು ಅವನ ಅಂಬೋಣ. ಒಳಗಿನ ಅಂಕಿಗಳನ್ನು ತೆರೆದು ನೋಡುವ ಪ್ರಮೇಯ ನಮಗೆ ಬಂದೇ ಇರಲಿಲ್ಲ. ಈಗ ತೆರೆದೆ.

ಮೊದಲು ಸುಮ್ಮನೆ ತಪಾಸಣೆಗೆಂದು ಬಂದವರನ್ನು, ಯಾವ ದೂರೂ ಇಲ್ಲದವರನ್ನು ಹುಡುಕಿದೆ. ಮೈನಸ್ ಆರು. ಮೈನಸ್ ಆರೂವರೆ. ಮೈನಸ್ ಏಳು. ಪುಟದ ಮೇಲೆ ಪುಟ ಹಾಗೆಯೇ ಇತ್ತು. ಆಮೇಲೆ ನೋವು ಎಂದು ಬರೆಸಿ ಸೊನ್ನೆಯ ಚೀಟಿ ಪಡೆದವರನ್ನು ನೋಡಿದೆ. ಸೊನ್ನೆ ಬಿಂದು ಒಂದು. ಸೊನ್ನೆ. ಮೈನಸ್ ಬಿಂದು ಎರಡು. ದಿಲ್ಶಾದಳದು ಮೂರು ಸಲವೂ ಸರಿಯಾಗಿ ಸೊನ್ನೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅಂದರೆ ಅವಳ ಮೈಯ ಸುದ್ದಿ ಆರೋಗ್ಯವಂತ ಹೆಂಗಸರ ಸುದ್ದಿಯಂತೆ ಇರಲಿಲ್ಲ. ನನ್ನ ಸುದ್ದಿಯಂತೆ ಇತ್ತು.

ಇಂಥ ಸುದ್ದಿ ಕಳಿಸುವ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ ಬೆಳೆಯುತ್ತದೆ. ತಿಂಗಳು ತಿಂಗಳೂ ಅದೂ ರಕ್ತ ಸುರಿಸುತ್ತದೆ. ರಕ್ತಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗೇ ಅಂಟಾಗಿ ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ಎಷ್ಟೋ ಜನರಿಗೆ ಮಕ್ಕಳೂ ಆಗುವುದಿಲ್ಲ. ಹಳೆಯ ಪರೀಕ್ಷೆಗಳಿಗೆ ಅದು ಸುಲಭವಾಗಿ ಕಾಣುತ್ತಿರಲಿಲ್ಲ. ಇದನ್ನೆಲ್ಲ ಕೌಂಟರಿನಲ್ಲಿ ಕೂತು ಬೇರೆಯವರಿಗೆ ಗಿಣಿಯಂತೆ ಹೇಳಿದವಳು ನಾನೇ. ಐದು ವರ್ಷ ಆ ಕಾಯಿಲೆಯನ್ನು ಯಂತ್ರಕ್ಕೆ ಆರೋಗ್ಯ ಎಂದು ಕಲಿಸಿದವಳೂ ನಾನೇ. ನನಗಿಂತ ಹೆಚ್ಚು ನರಳುವವರನ್ನು ಮಾತ್ರ ದೂತಿ ಹಿಡಿಯುತ್ತಿತ್ತು. ನನ್ನಷ್ಟೇ ನರಳುವವರಿಗೆ ಎಲ್ಲ ಸರಿಯಾಗಿದೆ ಎಂದು ಹೇಳಿ ಮನೆಗೆ ಕಳಿಸುತ್ತಿತ್ತು.

ಅಂಥವರು ಎಷ್ಟು ಜನ ಎಂದು ಯಂತ್ರವನ್ನು ಕೇಳಿದೆ. ನಾಲ್ಕು ಸಾವಿರದ ನೂರ ಏಳು ಎಂದಿತು.

ಕುರ್ಚಿಯ ಮೇಲೆಯೇ ಕೂತು ಅತ್ತೆ. ಆ ಹೆಂಗಸರಿಗಾಗಿ ಅತ್ತೆ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಆದರೆ ಮೊದಲು ಅತ್ತಿದ್ದು ನನಗಾಗಿ. ಮನಸ್ಸಿಲ್ಲದವಳು ಎನ್ನಿಸಿಕೊಂಡೆನಲ್ಲ, ಆ ಹೊತ್ತಿನಲ್ಲೆಲ್ಲ ನನ್ನ ಮೈ ತಿಂಗಳು ತಿಂಗಳೂ ನಿಜ ಹೇಳುತ್ತಲೇ ಇತ್ತು. ಅದನ್ನು ನಾನೇ ಹನ್ನೆರಡು ಸೀಸೆಗೆ ತುಂಬಿ, ಬಾಯಿಗೆ ಬಿರಡೆ ಹಾಕಿ ಇಟ್ಟಿದ್ದೆ.

ಮರುದಿನ ಬೆಳಿಗ್ಗೆ ಡಾ. ಪದ್ಮಜಾ ಅವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳತೊಡಗಿದೆ.

"ಹನ್ನೆರಡು ಮಂದ್ಯಾಗ ಎಷ್ಟು ಮಂದಿ ಬಿಟ್ಟಾರ?" ಎಂದು ಕೇಳಿದರು.

"ಹನ್ನೆರಡೂ ನಾನ ರೀ ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ನಿನಗೂ ಅದ ಅಂತೀ ಹಂಗಾದ್ರ" ಎಂದರು.

"ಹೌದ್ರಿ."

"ನಂಗೊಂದು ಮಾತು ಹೇಳಬಾರದಿತ್ತೇನ ಕಸ್ತೂರಿ? ನೋವು ಅಂತ ಒಂದು ದಿನಾನೂ ರಜಾ ಹಾಕಲಿಲ್ಲ ನೀನು."

"ಎಲ್ಲಾರಿಗೂ ಇರೂದ ಅನ್ಕೊಂಡಿದ್ದೆ ರೀ."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಹೊರಗೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಡಾ. ಪದ್ಮಜಾ ಕೆಟ್ಟವರಲ್ಲ. ದೂತಿಗಾಗಿ ಇಪ್ಪತ್ತು ವರ್ಷ ಸವೆಸಿದವರು. "ಕೇಳು" ಎಂದರು. "ಒಂದು ತಿಂಗಳು ಟೈಮ್ ಕೊಡು. ಹೊಸಾ ಮಂದೀನ್ನ ಹುಡುಕೋಣ, ಸುಮ್ಮನ ಉಲ್ಲೇಖ ಬದಲಿ ಮಾಡೋಣ. ಮುಂದ ಬರೋ ವರದಿ ಎಲ್ಲಾ ಸರಿ ಬರ್ತಾವ. ಹಳೇದನ್ನ ಕೆದಕಿದ್ರ ಮಂದಿ ದೂತೀನ್ನ ನಂಬೂದಿಲ್ಲ. ಮತ್ತ ಹೊಟ್ಟಿ ಕೊಯ್ದು ನೋಡೋ ಕಾಲಕ್ಕ ಹೋಗ್ತೀವಿ. ಎಷ್ಟು ಹೆಣ್ಮಕ್ಕಳು ಆಸ್ಪತ್ರೀಗೇ ಬರೂದಿಲ್ಲ, ವಿಚಾರ ಮಾಡು."

ಅವರ ಮಾತಿನಲ್ಲಿ ಸತ್ಯವಿತ್ತು. ಆದರೂ ಹೇಳಿದೆ: "ಗುರುವಾರ ಒಬ್ಬಾಕಿದು ವಿಚಾರಣೆ ಐತ್ರಿ ಮೇಡಂ. ಆಕಿ ಕಡೆ ನಮ್ಮ ಮೂರು ಸೊನ್ನೆ ಅದಾವ. ನಾವು ತಪ್ಪಂತ ಹೇಳೋತನಕಾ ಅವು ಖರೇನ."

"ಒಬ್ಬಾಕಿ ಸಲುವಾಗಿ…"

"ನಾಲ್ಕು ಸಾವಿರದ ನೂರ ಎಂಟು ಮಂದಿ ರೀ. ನನ್ನ ಹಿಡದು."

ಅವರು ತಿರುಗಿ ನೋಡಲಿಲ್ಲ. ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ನಿಯಂತ್ರಣ ಕೊಠಡಿಗೆ ಹೋದೆ.

ಉಲ್ಲೇಖ ಬದಲಾವಣೆಯ ಸೂಚನೆ ಕಳಿಸುವ ಅಧಿಕಾರ ನನಗಿತ್ತು. ಪ್ರತಿ ತಿಂಗಳೂ ಕಳಿಸುತ್ತಿದ್ದೆ. ಅದರಲ್ಲಿ ಕಾರಣ ಎಂಬ ಒಂದು ಖಾನೆ ಇದೆ, ಅಲ್ಲಿ ತಿಂಗಳ ನವೀಕರಣ ಎಂದು ಬರೆಯುವುದು ರೂಢಿ. ಆ ದಿನ ಹೀಗೆ ಬರೆದೆ: "ಉಲ್ಲೇಖ ಮಾದರಿ ಹನ್ನೆರಡು ಜನರದಲ್ಲ, ಒಬ್ಬಳದು. ಅವಳಿಗೆ ಕಾಯಿಲೆ ಇದೆ. ಐದು ವರ್ಷಗಳಲ್ಲಿ ಕೊಟ್ಟ ಎಲ್ಲ ಸೊನ್ನೆಯ ವರದಿಗಳನ್ನು ಹಿಂದಕ್ಕೆ ಪಡೆಯಲಾಗಿದೆ. ನೋವು ಎಂದು ಹೇಳಿದ ಹೆಂಗಸರನ್ನು ಮತ್ತೆ ಕರೆಯಿರಿ, ಅವರು ಸುಳ್ಳು ಹೇಳಿಲ್ಲ. ಮಾದರಿ ಕೊಟ್ಟವಳು ನಾನು." ಕೆಳಗೆ ಪೂರ್ತಿ ಹೆಸರು ಹಾಕಿದೆ, ಕಸ್ತೂರಿ ಮಲ್ಲಪ್ಪ ಕೊಣ್ಣೂರ. ನಕಾಶೆಯ ಮೇಲೆ ರೋಣದ ದೀಪ ಮೊದಲು ಕೆಂಪಾಯಿತು, ಆಮೇಲೆ ಶಿರಹಟ್ಟಿ, ಆಮೇಲೆ ಕುಷ್ಟಗಿ. ಹತ್ತು ನಿಮಿಷದಲ್ಲಿ ಮೂವತ್ತೆಂಟೂ ಕೆಂಪಾದವು. ಫೋನು ಬಡಿದುಕೊಳ್ಳಲು ಶುರುವಾಯಿತು.

ಅದನ್ನು ಎತ್ತುವ ಮೊದಲು ಫ್ರಿಜ್ಜಿನಿಂದ ಸೀಸೆಗಳನ್ನು ತೆಗೆದು ಒಂದೊಂದಾ‌ಗಿ ಸಿಂಕಿಗೆ ಸುರಿದೆ. ಕಮಲಾಕ್ಷಿ, ಇಂದಿರವ್ವ, ಮದುವೆ ಗೊತ್ತಾಗಿದ್ದವಳು. ನಗು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಐದು ವರ್ಷ ಒಟ್ಟಿಗೆ ಇದ್ದವರು.

ನನ್ನನ್ನು ಕೆಲಸದಿಂದ ತೆಗೆದರು. ತೆಗೆಯಲೇಬೇಕಿತ್ತು, ಅದರ ಬಗ್ಗೆ ನನಗೆ ಬೇಸರವಿಲ್ಲ. ದಿಲ್ಶಾದಳ ವಿಚಾರಣೆ ಮುಂದಕ್ಕೆ ಹೋಯಿತು. ಸೋಮವಾರ ಅವಳು ಬಂದಾಗ ನಾನು ನನ್ನ ಸಾಮಾನು ಕಟ್ಟುತ್ತಿದ್ದೆ. ನಡೆದದ್ದನ್ನು ಹೇಳಿ, ತಪ್ಪಾಯಿತು ಎಂದೆ.

ಅವಳು ಕೌಂಟರಿನ ಅಂಚು ಹಿಡಿದುಕೊಂಡು ನಿಂತಿದ್ದಳು. "ಮನಿಯವ್ರು ನಂಬಲಿಲ್ರಿ" ಎಂದಳು. "ಡಿಪೋದವ್ರು ನಂಬಲಿಲ್ಲ. ಹೋಗ್ಲಿ. ನಿಮ್ಮ ಚೀಟಿ ನೋಡಿ ನೋಡಿ ಕಡೀಕ ನಾನೂ ನನ್ನ ನಂಬೂದು ಬಿಟ್ಟೆ. ಅದಕ್ಕೇನ್ ಮಾಡ್ತೀರಿ ಹೇಳ್ರಿ."

ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು.

ಹೊಸ ಉಲ್ಲೇಖಕ್ಕೆ ಎರಡು ತಿಂಗಳು ಹಿಡಿಯಿತು. ಮೂವತ್ತೆಂಟು ಆಸ್ಪತ್ರೆಗಳಿಗೂ ಡಾ. ಪದ್ಮಜಾ ಖುದ್ದಾಗಿ ಹೋಗಿ, ದೂತಿ ನಡೆಸುವ ನರ್ಸುಗಳನ್ನೇ ಕೇಳಿದರಂತೆ. ಇಪ್ಪತ್ತಾರು ಜನ ಒಪ್ಪಿದರು. ಈ ಸಲ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ನಿಮಗೆ ಎಷ್ಟು ನೋಯುತ್ತದೆ ಎಂದು ಕೇಳಿದರು ಎಂದು ರತ್ನವ್ವ ಹೇಳಿದಳು. ದಿಲ್ಶಾದಳ ಅಂಕಿ ಆರು ಬಿಂದು ಒಂಬತ್ತು ಬಂದು, ಅವಳಿಗೆ ಹೊಸ ಬಸ್ ನಿಲ್ದಾಣದ ವಿಚಾರಣಾ ಕಿಟಕಿಯಲ್ಲಿ ಕೂರುವ ಕೆಲಸ ಸಿಕ್ಕಿತು ಎಂದೂ ರತ್ನವ್ವನೇ ಹೇಳಿದ್ದು.

ಆಷಾಢದಲ್ಲಿ ನಾನೂ ಕೌಂಟರಿನ ಈಚೆ ಬದಿಯ ಬೆಂಚಿನ ಮೇಲೆ ಕೂತೆ. ನನ್ನ ಜಾಗದಲ್ಲಿ ಹೊಸಬಳೊಬ್ಬಳು ಇದ್ದಳು, ನನ್ನ ಗುರುತು ಅವಳಿಗಿರಲಿಲ್ಲ. ಇಪ್ಪತ್ತು ನಿಮಿಷ ಆ ಬೆಂಚಿನ ಮೇಲೆ ಎಷ್ಟು ಉದ್ದ ಎಂಬುದು ನನಗೆ ಆವತ್ತು ತಿಳಿಯಿತು. ಚೀಟಿ ಬಂತು. ಆರು ಬಿಂದು ಒಂಬತ್ತು. ಅಂಕಿಯ ಕೆಳಗೆ ಅಚ್ಚಾಗಿದ್ದ ಮಾತುಗಳನ್ನು ಆರು ವರ್ಷದ ಹಿಂದೆ ಬರೆದುಕೊಟ್ಟವಳು ನಾನೇ: "ನಿಮ್ಮ ನೋವಿಗೆ ಕಾರಣ ಸಿಕ್ಕಿದೆ. ಗಾಬರಿಯಾಗಬೇಡಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ. ಒಬ್ಬರೇ ಹೋಗಬೇಡಿ, ನಿಮ್ಮವರು ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ."

ಬರೆದಾಗ ಒಳ್ಳೆಯ ಮಾತು ಎನಿಸಿತ್ತು. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡು ಹೊಸ ಬಸ್ ನಿಲ್ದಾಣಕ್ಕೆ ನಡೆದೆ.

ವಿಚಾರಣಾ ಕಿಟಕಿಯಲ್ಲಿ ದಿಲ್ಶಾದ್ ಇದ್ದಳು. ಬೇರೆ ಬಾಗಿಲಿನಿಂದ ಹೋಗೋಣವೆಂದುಕೊಂಡೆ, ಅಷ್ಟರಲ್ಲಿ ಅವಳೇ ನೋಡಿದಳು. ಕಿಟಕಿಯ ಹತ್ತಿರ ಹೋದೆ.

"ಎಲ್ಲಿಗ್ರಿ?"

"ಹುಬ್ಬಳ್ಳಿ. ದವಾಖಾನಿಗೆ."

ಅವಳು ನನ್ನ ಹಿಂದೆ ಕಣ್ಣು ಹಾಯಿಸಿದಳು. "ಜೋಡೀಗ ಯಾರಿಲ್ಲೇನ್ರಿ?"

"ಇಲ್ಲವಾ."

ಅವಳು ಮೈಕಿನ ಗುಂಡಿ ತಿರುವಿದಳು. ಅವಳ ಸಿಟ್ಟು ಇಳಿದಿರಲಿಲ್ಲ, ಇಳಿಯಬೇಕೆಂದು ನಾನು ಕೇಳುವಂತೆಯೂ ಇರಲಿಲ್ಲ. "ನಾಲ್ಕನೇ ಪ್ಲಾಟಫಾರ್ಮಿನ್ಯಾಗ ನಿಂತೈತಿ" ಎಂದಳು. ನಾನು ತಿರುಗಿದೆ.

"ಕೇಳ್ರಿಲ್ಲೆ" ಎಂದಳು ಹಿಂದಿನಿಂದ. "ಗಾಲಿ ಮ್ಯಾಲಿನ ಸೀಟಿಗೆ ಕುಂದರಬ್ಯಾಡ್ರಿ. ಅಣ್ಣಿಗೇರಿ ದಾಟಿದ ಮ್ಯಾಲ ರೋಡು ಸುಮಾರೈತಿ, ನಮ್ಮಂಥಾರಿಗೆ ತಡಿಯೂದಿಲ್ಲ. ಮುಂದಿಂದ ಮೂರನೇ ಸಾಲು ಹಿಡೀರಿ, ಎಡಕ್ಕ. ಬಲಗಾಲು ಚಾಚಾಕ ಬರ್ತೈತಿ."

ನಮ್ಮಂಥವರು ಎಂದಿದ್ದಳು. ನನ್ನನ್ನು ಸೇರಿಸಿಕೊಂಡು ಯಾರಾದರೂ ಹಾಗೆ ಅಂದು ಎಷ್ಟು ವರ್ಷವಾಗಿತ್ತೋ ನೆನಪಿಗೆ ಬರಲಿಲ್ಲ. ತಲೆಯಾಡಿಸಿ ಬಸ್ ಹತ್ತಿದೆ.

ಮೂರನೆಯ ಸಾಲಿನಲ್ಲಿ ಎಡಕ್ಕೆ ಕೂತು ಬಲಗಾಲು ಚಾಚಿದೆ. ಅಣ್ಣಿಗೇರಿ ದಾಟಿದ ಮೇಲೆ ರಸ್ತೆ ಅವಳು ಹೇಳಿದ ಹಾಗೆಯೇ ಇತ್ತು. ಪಕ್ಕದ ಸೀಟು ಹುಬ್ಬಳ್ಳಿಯವರೆಗೂ ಖಾಲಿಯಾಗಿಯೇ ಬಂತು.